ಮಳೆಗಾಲದ ಲೆಕ್ಕ ಹಾಕಿ ಆಮೇಲೆ ಫ್ರಿಜ್ ತನ್ನಿ

ಲೈನ್ ಕರೆಂಟಿಲ್ಲದ ಮನೆಯಲ್ಲೂ ಒಂದು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ ಇದ್ದರೆ ಫ್ರಿಜ್ ಓಡುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ. ಮಲೆನಾಡಿನವರು ಇದನ್ನು ನಂಬಿ ದುಡ್ಡು ಸುರಿಯಬೇಡಿ. ಸಿಂಗಲ್ ಡೋರ್ ಫ್ರಿಜ್ಜಿಗೆ ದಿನಕ್ಕೆ ಅರ್ಧದಿಂದ ಒಂದು ಯೂನಿಟ್ ಬೇಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್. ದಿನವೂ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಅಲ್ಲಿಗೆ ಸಿಕ್ಕಿದ್ದು 0.9, ಇನ್ವರ್ಟರ್ ತಿನ್ನುವುದು ಬೇರೆ. ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಕಾಣದಾಗ ದೀಪಕ್ಕೇನು ಉಳಿಯಿತು?

ಇನ್ನೊಂದು, ಕಂಪ್ರೆಸರ್ ಓಡುವಾಗ 100 ವ್ಯಾಟ್ ಎಳೆದರೂ ಸ್ಟಾರ್ಟ್ ಆಗುವ ಕ್ಷಣ ಅದರ ಹಲವು ಪಟ್ಟು ಕೇಳುತ್ತದೆ. ಚಿಕ್ಕ ಇನ್ವರ್ಟರ್ ‘ಓವರ್‌ಲೋಡ್’ ಎಂದು ಕೂಗಿ ನಿಲ್ಲುವುದು ಇದಕ್ಕೇ. ಇನ್ವರ್ಟರ್ ಕರೆಂಟನ್ನು ಚೌಕ ಅಲೆಯಾಗಿ ಕೊಡುವ ಸ್ಕ್ವೇರ್ ವೇವ್‌ನದ್ದಾದರೆ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್‌ನದ್ದೇ ಬೇಕು.

ಮಿಕ್ಸಿಗೆ ಹೆದರಬೇಕಿಲ್ಲ. 750 ವ್ಯಾಟಿನದ್ದು ಐದು ನಿಮಿಷ ತಿರುಗಿದರೆ 0.06 ಯೂನಿಟ್ ಅಷ್ಟೇ. ಗೀಸರ್ ಮರೆತುಬಿಡಿ, ಹಂಡೆ ಒಲೆಯೇ ಸೈ.

ವಾಷಿಂಗ್ ಮೆಷಿನ್ ಕೈಕೊಡುವುದು ಹೆಚ್ಚಾಗಿ ನೀರಿನ ಒತ್ತಡ ಸಾಲದೆ. ಫುಲ್ ಆಟೋಮ್ಯಾಟಿಕ್‌ನ ವಾಲ್ವಿಗೆ ಸಾಮಾನ್ಯವಾಗಿ 0.3 ಬಾರ್ ಒತ್ತಡ ಬೇಕು, ಅಂದರೆ ನಲ್ಲಿಗಿಂತ ಟ್ಯಾಂಕಿನ ನೀರು ಕನಿಷ್ಠ ಮೂರು ಮೀಟರ್ ಎತ್ತರದಲ್ಲಿರಬೇಕು. ಅಷ್ಟಿಲ್ಲದವರು ಬಕೆಟಿನಲ್ಲಿ ನೀರು ಸುರಿಯಬಹುದಾದ ಸೆಮಿ ಆಟೋಮ್ಯಾಟಿಕ್ ತರಲಿ.

ಗುಡ್ಡದಿಂದ ಅಬ್ಬಿ ನೀರು ಬರುವ ಮನೆಯಾದರೆ ಪಿಕೋ ಹೈಡ್ರೋ, ಅಂದರೆ ಬೀಳುವ ನೀರಿನಿಂದ ಕರೆಂಟ್ ಮಾಡುವ ಪುಟ್ಟ ಯಂತ್ರ, ವಿಚಾರಿಸಿ. ಸೋಲಾರ್ ಮಲಗುವ ತಿಂಗಳಲ್ಲೇ ಅದು ಚೆನ್ನಾಗಿ ತಿರುಗುವುದು.