ತಡ ಆಗುತ್ತೆ ನಿಜ, ಆದರೆ ಬೀದರ್‌ಗೆ ಬಂದು ನೋಡಿ

ಲೇಔಟ್‌ಗೆ ಅನುಮತಿ ಕೊಡುವ ಮೊದಲು ಆ ಜಾಗದ ಬಗ್ಗೆ ಸ್ವತಂತ್ರ ತಜ್ಞರ ವರದಿ ಕೇಳಿದರೆ ಅನುಮತಿ ತಡವಾಗುತ್ತದೆ, ಮನೆ ದುಬಾರಿ ಆಗುತ್ತದೆ ಅಂತ ಲೇಖನದಲ್ಲಿ ಬರೆದಿದ್ದೀರಿ. ತಡ ಆಗುತ್ತದೆ, ಒಪ್ಪೋಣ. ಆದರೆ ನಮ್ಮ ಬೀದರ್‌ಗೆ ಬನ್ನಿ ಸರ್. ನೌಬಾದ್ ಕಡೆ ನೆಲದ ಕೆಳಗೆ ಬಹಮನಿ ಕಾಲದ ಸುರಂಗ ಬಾವಿ ಇದೆ. ಮೇಲಿನ ಕೆಂಪು ಕಲ್ಲು ಮಳೆ ನೀರು ಹೀರುತ್ತದೆ, ಅಡಿಯ ಕಪ್ಪು ಕಲ್ಲು ತಡೆಯುತ್ತದೆ, ಆ ನೀರು ಸುರಂಗದಲ್ಲಿ ಹರಿಯುತ್ತದೆ. ದಾರಿಯುದ್ದಕ್ಕೂ ಗಾಳಿ ಬೆಳಕಿಗೆ ಅಂತ ಬಾವಿಯಂಥ ಗುಂಡಿಗಳಿವೆ. ಗೊತ್ತಿಲ್ಲದವರಿಗೆ ಅದು ಸುಮ್ನೆ ಹಾಳು ಬಾವಿ, ಮಣ್ಣು ತುಂಬಿದರೆ 30x40 ಅಡಿಯ ಒಂದು ಸೈಟು! ಒಳಚರಂಡಿ ಇಲ್ಲದ ಕಡೆ ಮನೆಗೊಂದು ಸೆಪ್ಟಿಕ್ ಟ್ಯಾಂಕ್ ಬೇರೆ, ಮಳೆ ನೀರು ಕುಡಿಯುವ ಕಲ್ಲು ಅದರ ಕೊಳಕು ನೀರನ್ನು ಕುಡಿಯದೆ ಬಿಡುತ್ತದಾ?

ಲೇಔಟ್ ಮಾಡುವವರೇ ದುಡ್ಡು ಕೊಟ್ಟು ಕರೆಸಿದ ಇಂಜಿನಿಯರ್ "ಇಲ್ಲಿ ಸೈಟ್ ಹಾಕಬೇಡಿ" ಅಂತ ಬರೆದುಕೊಡೋದು ಕಷ್ಟ, ಅಲ್ವಾ? ಅದಕ್ಕೇ ತಜ್ಞರನ್ನು ಅನುಮತಿ ಕೊಡುವ ಪ್ರಾಧಿಕಾರವೇ ಆರಿಸಲಿ, ಶುಲ್ಕ ಅರ್ಜಿ ಜೊತೆಗೇ ಕಟ್ಟಿಸಿಕೊಳ್ಳಲಿ, ವರದಿಯನ್ನು ಸೈಟ್ ಕೊಳ್ಳುವವರಿಗೂ ತೋರಿಸಲಿ. ತಜ್ಞರು ಹೇಳಿದ್ದೆಲ್ಲ ವೇದವಾಕ್ಯ ಅಂತಲ್ಲ. ಅವರ ಮಾತು ಮೀರಿ ಅನುಮತಿ ಕೊಟ್ಟರೆ ಯಾಕೆ ಕೊಟ್ಟೆವು ಅಂತ ಫೈಲಿನಲ್ಲಿ ಬರೆದು ಸಹಿ ಹಾಕಲಿ, ಅಷ್ಟೇ ಕೇಳೋದು.