ಮೇಜಿಗೆ ಅಳತೆ ಕೊಡಬೇಕಾದ್ದು ಕಿವಿ

ಕೊನೆಗೂ ನನ್ನ ರೆಕಾರ್ಡಿಂಗ್ ಕೋಣೆಯ ಮೇಜು ಮುಗಿಯಿತು. ಎರಡು ವಾರದ ಕೆಲಸ ಅಂದುಕೊಂಡಿದ್ದೆ, ಮೂರು ತಿಂಗಳು ಹಿಡಿಯಿತು. ನೋಡಲು ಬಂದ ಗೆಳೆಯರೆಲ್ಲ ಕೇಳಿದ್ದು ಒಂದೇ ಮಾತು. "ಇಷ್ಟು ಚಿಕ್ಕದಾ? ಸ್ಟುಡಿಯೋ ಮೇಜು ಅಂದ್ರೆ ಇನ್ನೂ ದೊಡ್ಡದಾಗಿರಬೇಕು ಅಲ್ವಾ?"

ಚಿಕ್ಕದು ಮಾಡಿದ್ದು ಬೇಕೆಂದೇ. ಮರ ಸಾಲದೆ ಅಲ್ಲ, ಜಾಗ ಇಲ್ಲದೆಯೂ ಅಲ್ಲ. ಒಬ್ಬೊಬ್ಬರಿಗೂ ವಿವರಿಸಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ನಕ್ಷೆ ನೋಡಿದ್ದರೆ ನೀವು ನಗುತ್ತಿದ್ದಿರಿ. ಎರಡು ಮೀಟರ್ ಅಗಲ. ಎಡಕ್ಕೊಂದು ಬಲಕ್ಕೊಂದು ರೆಕ್ಕೆ. ಮೇಲೊಂದು ಅಟ್ಟ, ಅಟ್ಟದ ಮೇಲೆ ಸ್ಪೀಕರ್. ಕೆಳಗೆ ಎಳೆದರೆ ಈಚೆ ಬರುವ ಟ್ರೇ, ಅದರಲ್ಲಿ 88 ಕೀಗಳ ಕೀಬೋರ್ಡ್. ವಿಮಾನದ ಕಾಕ್‌ಪಿಟ್ಟೇ ಅನ್ನಿ. ನನ್ನ ಹತ್ತಿರ ಇದ್ದದ್ದು ಒಂದು ಆಡಿಯೋ ಇಂಟರ್ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ರ್‍ಯಾಕಿನಲ್ಲಿ (ಸಾಧನಗಳನ್ನು ಸ್ಕ್ರೂ ಹಾಕಿ ಕೂರಿಸುವ ಗೂಡಿನಲ್ಲಿ) ಕೂರುವ ಎರಡು ಪೆಟ್ಟಿಗೆ, ಎರಡು ಸ್ಪೀಕರ್, ಕಂಪ್ಯೂಟರ್ ಮತ್ತು ಆ ಕೀಬೋರ್ಡ್. ಇಷ್ಟಕ್ಕೆ ಕಾಕ್‌ಪಿಟ್ ಯಾಕೆ? ಫೋಟೋ ನೋಡಿ ನೋಡಿ ತಲೆ ಕೆಟ್ಟಿತ್ತು, ಅಷ್ಟೇ.

ಪುಣ್ಯಕ್ಕೆ ಮರ ಕೊಯ್ಯುವ ಮೊದಲು ರಟ್ಟಿನಲ್ಲಿ ಮಾಡಿ ನೋಡಿದೆ. ಖಾಲಿ ಪೆಟ್ಟಿಗೆಗಳನ್ನು ಬಿಚ್ಚಿ, ಅಂಟುಪಟ್ಟಿ ಹಚ್ಚಿ, ಪೂರ್ತಿ ಅಳತೆಯ ಮೇಜು. ಈ ಮೂರು ತಿಂಗಳಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಇದೊಂದೇ ಇರಬೇಕು. ಅದರ ಮುಂದೆ ಕುಳಿತ ಹತ್ತು ನಿಮಿಷದಲ್ಲಿ ಕೀಬೋರ್ಡ್ ಟ್ರೇ ಕನಸು ಒಡೆಯಿತು. ಲೆಕ್ಕ ನೋಡಿ. ಮೇಜಿನ ಎತ್ತರ 75 ಸೆಂ.ಮೀ. ಮೇಲಿನ ಹಲಗೆ 18 ಮಿ.ಮೀ. ಹೋದರೆ 73 ಚಿಲ್ಲರೆ. ಕೀಬೋರ್ಡಿನ ದಪ್ಪ 12 ಸೆಂ.ಮೀ., ಅದರ ಗುಂಡಿಗಳು ಹಲಗೆಗೆ ತಗುಲದಂತೆ ಇನ್ನೆರಡು. ಉಳಿದದ್ದು 59. ಅದರಲ್ಲಿ ಟ್ರೇ ಹಲಗೆಯೂ 18 ಮಿ.ಮೀ. ತಿನ್ನುತ್ತದೆ. ಅಂದರೆ ನೆಲದಿಂದ 57 ಸೆಂ.ಮೀ. ಎತ್ತರದ ಸಂದಿಯಲ್ಲಿ ನನ್ನ ತೊಡೆ ತೂರಬೇಕು. ಕುರ್ಚಿಯಲ್ಲಿ ಕುಳಿತಾಗ ನನ್ನ ತೊಡೆಯ ಮೇಲ್ಭಾಗವೇ 60ರ ಹತ್ತಿರ ಇದೆ. ಮೇಜನ್ನು ಎತ್ತರಿಸಿದರೆ ಮೌಸ್ ಹಿಡಿಯುವ ಭುಜ ನೋಯುತ್ತದೆ. ಕುರ್ಚಿ ಇಳಿಸಿದರೆ ಮಂಡಿ ಗದ್ದಕ್ಕೆ ಬರುತ್ತದೆ. ಕೀಬೋರ್ಡಿಗೆ ಪಕ್ಕದಲ್ಲಿ ಬೇರೆ ಸ್ಟ್ಯಾಂಡ್ ಹಾಕಿದೆ. ತಿರುಗುವ ಕುರ್ಚಿ ಇರುವುದೇ ಅದಕ್ಕೆ.

ಆಮೇಲೆ ಬಂದದ್ದು ಅಸಲಿ ವಿಷಯ, ಸ್ಪೀಕರ್.

ಬಟ್ಟೆ ಹೊಲಿಸಲು ಹೋದರೆ ಟೈಲರ್ ನಮ್ಮ ಮೈ ಅಳೆಯುತ್ತಾನೆ, ಬೀರು ಅಳೆಯುವುದಿಲ್ಲ. ಮೇಜು ಮಾಡುವಾಗ ಮಾತ್ರ ನಾವು ಸಾಮಾನನ್ನು ಅಳೆಯುತ್ತೇವೆ. ಏನೇನು ಇಡಬೇಕು, ಎಷ್ಟು ಇಡಬಹುದು ಅಂತ. ರಟ್ಟಿನ ಮೇಜಿನ ಮುಂದೆ ಕುಳಿತು ನೆಲದಿಂದ ನನ್ನ ಕಿವಿಯ ಎತ್ತರ ಅಳೆದೆ. 117 ಸೆಂ.ಮೀ. ಸ್ಪೀಕರಿನ ಟ್ವೀಟರ್ (ತಾರ ಸ್ವರ ಹೊರಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕೆ ಇರಬೇಕು, ಎರಡು ಸ್ಪೀಕರ್ ಮತ್ತು ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಮಧ್ಯದಲ್ಲಿ ಮಲಗಿರುವ ಹಲಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಪೀಕರ್ ಒಂದು ಮೀಟರ್ ದೂರದಲ್ಲಿದೆ ಅನ್ನಿ. ಟ್ವೀಟರೂ ಕಿವಿಯೂ ಮೇಜಿನಿಂದ 42 ಸೆಂ.ಮೀ. ಮೇಲೆ. ನೇರ ಬರುವ ದನಿ ಒಂದು ಮೀಟರ್ ನಡೆದು ಬರುತ್ತದೆ. ಅದೇ ದನಿ ಹಲಗೆಗೆ ಬಡಿದು ಪುಟಿದು ಬರುವಾಗ 1.3 ಮೀಟರ್ ನಡೆಯುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ ಪುಟಿದ ದನಿ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಮೊದಲೇ, ನೇರ ದನಿಯ ಬೆನ್ನಿಗೇ ಬಂದು ಸೇರುತ್ತದೆ. ಅದು ಪ್ರತಿಧ್ವನಿ ಅಂತ ಕೇಳುವುದೇ ಇಲ್ಲ. ಸುಮ್ನೆ ಬಣ್ಣ ಕೆಡಿಸುತ್ತದೆ. 570 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ತಿರ ಎರಡೂ ಅಲೆಗಳು ಒಂದನ್ನೊಂದು ತಿಂದುಹಾಕುತ್ತವೆ, ಮತ್ತೆ 1,700ರ ಆಸುಪಾಸಿನಲ್ಲಿ, ಹೀಗೇ ಮೇಲಕ್ಕೆ. ಹಾಡುವವರ ದನಿ, ಗಿಟಾರ್ ಎಲ್ಲ ಇರುವುದೇ ಅಲ್ಲಿ. ಹಳ್ಳ ಬಿದ್ದಿದೆ ಅಂತ ನಾವು ಈಕ್ಯೂನಲ್ಲಿ (ದನಿಯ ಒಂದೊಂದು ಭಾಗವನ್ನು ಏರಿಸಿ ಇಳಿಸುವ ಸಾಧನ) ಎತ್ತುತ್ತೇವೆ. ಹಾಡು ಬೇರೆ ಕಡೆ ಕೇಳಿದಾಗ ದನಿ ಕಿರಿಕಿರಿ ಅನ್ನಿಸುತ್ತದೆ. ತಪ್ಪು ಹಾಡಿನದಲ್ಲ, ಮೇಜಿನದು.

ನಂಬಿಕೆ ಬರದಿದ್ದರೆ ಈಗ ಇರುವ ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿ, ಚೆನ್ನಾಗಿ ಪರಿಚಯ ಇರುವ ಒಂದು ಹಾಡು ಹಾಕಿ. ಕಂಬಳಿ ತೆಗೆದು ಮತ್ತೆ ಕೇಳಿ. ನನಗಂತೂ ಮೊದಲ ಸಲವೇ ಗೊತ್ತಾಯಿತು. ಕಂಬಳಿ ಇದ್ದಾಗ ದನಿ ಒಂಚೂರು ಬಿಚ್ಚಿಕೊಂಡ ಹಾಗಿತ್ತು.

ಇದಕ್ಕೆ ಪೂರ್ತಿ ಮದ್ದು ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಲಗೆ ಇದ್ದ ಮೇಲೆ ದನಿ ಪುಟಿಯಲೇಬೇಕು. ಆದರೆ ಹಲಗೆ ಚಿಕ್ಕದಾದಷ್ಟೂ ದೊಡ್ಡ ಅಲೆಗಳು ಅದನ್ನು ಬಳಸಿಕೊಂಡು ಹೋಗುತ್ತವೆ. 570 ಹರ್ಟ್ಸ್ ಅಲೆಯ ಉದ್ದ 60 ಸೆಂ.ಮೀ. ಇರುತ್ತದೆ. ಎರಡು ಮೀಟರ್ ಹಲಗೆ ಅದಕ್ಕೆ ಗೋಡೆ ಇದ್ದ ಹಾಗೆ, ಸಣ್ಣ ಹಲಗೆ ಅಷ್ಟಿಲ್ಲ. ಅದಕ್ಕೇ ನನ್ನ ಮೇಜು ಅಗಲ 130, ಆಳ ಬರೀ 60 ಸೆಂ.ಮೀ. ಸ್ಪೀಕರ್‌ಗಳನ್ನು ಮೇಜಿನ ಮೇಲೆ ಇಡಲೇ ಇಲ್ಲ. ಹಿಂದೆ ಬೇರೆ ಸ್ಟ್ಯಾಂಡ್ ಮೇಲೆ ಇವೆ. ಅವುಗಳ ಅದುರಾಟ ಮೇಜಿಗೆ ದಾಟುವುದೂ ತಪ್ಪಿತು.

"ದೊಡ್ಡ ಸ್ಟುಡಿಯೋಗಳಲ್ಲಿ ಸ್ಪೀಕರನ್ನ ಕನ್ಸೋಲ್ ಮೇಲೇ ಇಟ್ಟಿರ್ತಾರಲ್ಲ?" ಅಂತ ಒಬ್ಬ ಕೇಳಿದ. ಕನ್ಸೋಲ್ ಅಂದರೆ ದನಿಗಳನ್ನು ಬೆರೆಸುವ, ಮೇಜಿನಷ್ಟು ದೊಡ್ಡ ಯಂತ್ರ. ಇಟ್ಟಿರುತ್ತಾರೆ. ಬಿಳಿ ಕೋನಿನ ಯಮಹಾ ಎನ್‌ಎಸ್-10 ಫೋಟೋಗಳಲ್ಲಿ ನೋಡಿರುತ್ತೀರಿ. ಅದು 1978ರಲ್ಲಿ ಮನೆಯಲ್ಲಿ ಹಾಡು ಕೇಳಲು ಅಂತ ಬಂದ ಸ್ಪೀಕರ್, ಕೊನೆಗೆ ಸ್ಟುಡಿಯೋ ಸೇರಿಕೊಂಡಿತು. ಆದರೆ ಅಂಥ ಸ್ಟುಡಿಯೋಗಳ ಗೋಡೆಯೊಳಗೆ ಬೇರೆ ದೊಡ್ಡ ಸ್ಪೀಕರ್‌ಗಳೂ ಇರುತ್ತಿದ್ದವು, ಹೋಲಿಸಿ ನೋಡಲು. ನಮ್ಮ ಮನೆಯಲ್ಲಿ ಇರುವುದು ಒಂದೇ ಜೋಡಿ.

ಮರದ ವಿಷಯಕ್ಕೆ ಜಾಸ್ತಿ ಹೋಗುವುದಿಲ್ಲ. 18 ಮಿ.ಮೀ. ಪ್ಲೈವುಡ್ ತೆಗೆದುಕೊಂಡೆ. ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ನುಣುಪಾಗಿರುತ್ತದೆ, ಆದರೆ ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಅದರ ಧೂಳೂ ಬಹಳ ಸಣ್ಣದು, ಮಾಸ್ಕ್ ಇಲ್ಲದೆ ಕೊಯ್ಯಬಾರದು. ಒಂದು ಮಾತು ಮಾತ್ರ ನೆನಪಿಡಿ. ಆಧಾರದ ನಡುವಿನ ದೂರ ಎರಡು ಪಟ್ಟಾದರೆ ನಡುವೆ ಇಟ್ಟ ಭಾರಕ್ಕೆ ಹಲಗೆ ಎಂಟು ಪಟ್ಟು ಬಾಗುತ್ತದೆ. ಹಾಗಾಗಿ ಹಿಂಬದಿಯಲ್ಲಿ, ಹಲಗೆಯ ಕೆಳಗೆ, ಹತ್ತು ಸೆಂ.ಮೀ. ಅಗಲದ ಪಟ್ಟಿಯನ್ನು ಲಂಬವಾಗಿ ನಿಲ್ಲಿಸಿ ಅಂಟು, ಸ್ಕ್ರೂ ಎರಡೂ ಹಾಕಿದೆ. ಈಗ ಅದರ ಮೇಲೆ ನಾನೇ ನಿಲ್ಲಬಹುದು. ನಿಂತೂ ನೋಡಿದೆ.

ಕೊಯ್ಯುವಾಗ ಗರಗಸದ ಬ್ಲೇಡೂ ಮರ ತಿನ್ನುತ್ತದೆ, ಸುಮಾರು 3 ಮಿ.ಮೀ. ಕಾಗದದ ಮೇಲೆ ಒಂದರ ಪಕ್ಕ ಒಂದು ಅಂಟಿಸಿ ಬರೆದ ನನ್ನ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಕೊನೆಯ ಪಟ್ಟಿ 9 ಮಿ.ಮೀ. ಕಡಿಮೆ ಬಂತು.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ರ್‍ಯಾಕ್. ಹಿಂದಿನ ಕಾಲದ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಂದ ಅಳತೆ ಅದು. ಮುಂದಿನ ಫಲಕದ ಅಗಲ 19 ಇಂಚು, ಅಂದರೆ 482.6 ಮಿ.ಮೀ. ನಾನು ಎರಡು ಪಕ್ಕದ ಹಲಗೆಗಳ ನಡುವೆ ಸರಿಯಾಗಿ 483 ಮಿ.ಮೀ. ಬಿಟ್ಟೆ. ಎಷ್ಟು ಕರಾರುವಾಕ್ಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪಾಲಿಶ್ ಎಲ್ಲ ಮುಗಿದ ಮೇಲೆ ಪ್ರೀಆಂಪ್ (ಮೈಕಿನ ದನಿಯನ್ನು ಜೋರು ಮಾಡುವ ಪೆಟ್ಟಿಗೆ) ತಳ್ಳಿದರೆ ಒಳಗೆ ಹೋಗುತ್ತಿಲ್ಲ! ಹಲಗೆ ಒಂಚೂರು ಒಳಕ್ಕೆ ಬಾಗಿತ್ತು, ಎರಡೂ ಕಡೆ ಮೂರು ಮೂರು ಕೋಟ್ ಪಾಲಿಶ್ ಬೇರೆ ಕೂತಿತ್ತು. ಪಾಲಿಶಿಗೂ ದಪ್ಪ ಇದೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಹೊಳೆಯುವ ಹಲಗೆಯನ್ನು ಮತ್ತೆ ಉಜ್ಜಿ ಬರಿದು ಮಾಡುವಾಗಿನ ಸಂಕಟ ಯಾರಿಗೂ ಬೇಡ. ನಡುವೆ 486 ಮಿ.ಮೀ. ಜಾಗ ಬಿಡಿ. ಫಲಕದ ಕಿವಿಗಳು (ಸ್ಕ್ರೂ ಹಾಕುವ ಎರಡು ತುದಿ) ರೈಲ್ ಮೇಲೆ ಕೂರುತ್ತವೆ, ಆ ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೇಬಲ್ ತೂತುಗಳನ್ನು ಪಾಲಿಶಿಗೆ ಮೊದಲೇ ಕೊರೆಯಿರಿ. 60 ಮಿ.ಮೀ. ತೂತು ಸಾಕು, ದೊಡ್ಡ ಪ್ಲಗ್ಗೂ ತೂರುತ್ತದೆ. ಕರೆಂಟಿನ ವೈರ್ ಒಂದು ಬದಿ, ಮೈಕಿನ ಕೇಬಲ್ ಇನ್ನೊಂದು ಬದಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ.

ಇನ್ನು ಪಾಲಿಶ್. ಕಟ್ಟುವುದು ಮುಗಿದಾಗ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅರ್ಧವೂ ಆಗಿರಲಿಲ್ಲ.

ಮುಂದಿನ ಅಂಚಿಗೆ ಗಟ್ಟಿ ಮರದ ಪಟ್ಟಿ ಅಂಟಿಸಿದ್ದೆ. ದಿನಕ್ಕೆ ನಾಲ್ಕೈದು ಗಂಟೆ ಮುಂಗೈ ಊರುವ ಜಾಗ, ಅಲ್ಲಿ ಚೂಪು ಇರಬಾರದು. ಪಟ್ಟಿಯನ್ನು ಹಲಗೆಯ ಮಟ್ಟಕ್ಕೆ ತರಲು ಸ್ಯಾಂಡಿಂಗ್ ಮೆಷಿನ್ ಹಿಡಿದೆ. ಪ್ಲೈವುಡ್ಡಿನ ಮೇಲಿನ ಚೆಂದದ ಪದರ ಎಷ್ಟೋ ಸಲ ಅರ್ಧ ಮಿ.ಮೀ. ಕೂಡ ಇರುವುದಿಲ್ಲ. ಎರಡು ಸೆಕೆಂಡ್ ಜಾಸ್ತಿ ನಿಂತಿತು ನೋಡಿ, ಪದರ ತೂತಾಗಿ ಕೆಳಗಿನ ಕಪ್ಪು ಮರ ಇಣುಕಿತು. ಅಂಗೈ ಅಗಲದ ಕಲೆ. ಈಗ ಅದರ ಮೇಲೆ ಮೌಸ್ ಪ್ಯಾಡ್ ಇದೆ. ಅಂಚಿನ ಹತ್ತಿರ ಕೈಯಲ್ಲೇ ಉಜ್ಜಿ ಮಾರಾಯ್ರೇ, ಮೆಷಿನ್ ನಡುವಿಗೆ ಮಾತ್ರ.

ಮರಳು ಕಾಗದ 120, ಆಮೇಲೆ 180, ಆಮೇಲೆ 240 (ನಂಬರ್ ಏರಿದಷ್ಟೂ ಕಾಗದ ನುಣುಪು). ಮರದ ಎಳೆ ಹೋದ ಕಡೆಗೇ ಕೈ ಹೋಗಬೇಕು. ಒಂದು ಉಪಾಯ ಇದೆ. ಹಲಗೆಯ ತುಂಬ ಪೆನ್ಸಿಲಿನಲ್ಲಿ ತೆಳ್ಳಗೆ ಗೀಚಿ, ಆ ಗೀಟು ಅಳಿಯುವ ತನಕ ಉಜ್ಜಿ. ಎಲ್ಲಿ ಬಿಟ್ಟುಹೋಗಿದೆ ಅಂತ ಅದೇ ಹೇಳುತ್ತದೆ. ಕೊನೆಗೆ ದೀಪ ಆರಿಸಿ ಟಾರ್ಚನ್ನು ಹಲಗೆಗೆ ಅಡ್ಡ ಹಿಡಿದು ನೋಡಿ. ಹಗಲಲ್ಲಿ ಕಾಣದ ಗೀರೆಲ್ಲ ಎದ್ದು ನಿಲ್ಲುತ್ತದೆ.

ನೀರಿನಲ್ಲಿ ಕಲಸುವ ಪಿಯು (ಪಾಲಿಯುರಿಥೇನ್ ಪಾಲಿಶ್) ಆಯ್ಕೆ ಮಾಡಿದೆ, ಅದೂ ಮ್ಯಾಟ್. ಹೊಳಪಿನದು ಹಚ್ಚಿದರೆ ಸ್ಕ್ರೀನಿನ ಬೆಳಕು, ದೀಪದ ಬೆಳಕು ಎಲ್ಲ ಕಣ್ಣಿಗೇ ಹೊಡೆಯುತ್ತದೆ. ನೀರು ತಗುಲಿದರೆ ಮರದ ರೋಮ ಏಳುತ್ತದೆ. ಅದಕ್ಕೇ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಎದ್ದದ್ದನ್ನು ಉಜ್ಜಿಬಿಡಬೇಕು. ಡಬ್ಬಿಯನ್ನು ಕುಲುಕಬೇಡಿ, ಕಡ್ಡಿಯಿಂದ ಮೆಲ್ಲಗೆ ತಿರುವಿ. ಕುಲುಕಿದರೆ ಗುಳ್ಳೆಗಳು ಹಲಗೆಯ ಮೇಲೆ ಬಂದು ಕೂರುತ್ತವೆ. ತೆಳ್ಳಗೆ ಮೂರು ಕೋಟ್, ನಡುನಡುವೆ 320ರ ಕಾಗದದಿಂದ ಸವರಿದ ಹಾಗೆ ಉಜ್ಜಿದೆ. ಅಡಿಭಾಗಕ್ಕೂ ಹಚ್ಚಿದೆ. ಒಂದೇ ಮುಖಕ್ಕೆ ಹಚ್ಚಿದರೆ ಇನ್ನೊಂದು ಮುಖ ತೇವ ಕುಡಿದು ಹಲಗೆ ಸೊಟ್ಟಗಾಗಬಹುದು.

ಮೊದಲು ಒಂದು ತುಂಡಿನ ಮೇಲೆ ಅಗಸೆ ಎಣ್ಣೆಯನ್ನೂ ಹಚ್ಚಿ ನೋಡಿದ್ದೆ. ಬಣ್ಣ ಚೆಂದ ಬರುತ್ತದೆ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿ ಹೀರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿಗೆ ದಾರಿ ಇರುವುದಿಲ್ಲ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಿಚ್ಚಿ ಹರವಿ, ಹೊರಗೆ ಒಣಗಿಸಿ. ಇದು ಹೆದರಿಸುವ ಮಾತಲ್ಲ, ನಿಜ.

ಪಾಲಿಶ್ ಕೆಲಸವನ್ನು ಸ್ಟುಡಿಯೋ ಕೋಣೆಯಲ್ಲಿ ಮಾಡಿದ್ದು ಇನ್ನೊಂದು ದಡ್ಡತನ. ಶಬ್ದ ಹೋಗಬಾರದು ಅಂತ ಸಂದುಗೊಂದೆಲ್ಲ ಮುಚ್ಚಿದ ಕೋಣೆ, ವಾಸನೆ ಎಲ್ಲಿಗೆ ಹೋಗಬೇಕು? ಮೈಕುಗಳನ್ನಾದರೂ ಮೊದಲೇ ಎತ್ತಿಟ್ಟಿದ್ದೆ, ಬಚಾವ್.

ಎಲ್ಲ ಜೋಡಿಸಿ ಮೊದಲ ಹಾಡು ಹಾಕಿದರೆ ಬಾಸ್ ಬಂದಾಗಲೆಲ್ಲ ಎಲ್ಲೋ ಜೀರುಂಡೆ ಕೂಗಿದ ಹಾಗೆ. ಕೆಳಗಿನಿಂದ ಮೇಲಕ್ಕೆ ಏರುವ ಸೈನ್ ಸ್ವರ (ಒಂದೇ ಕಂಪನದ ಶುದ್ಧ ದನಿ) ಹಾಕಿ, ಮೆಲ್ಲಗೆ ಏರಿಸುತ್ತಾ, ಒಂದೊಂದು ಹಲಗೆಯನ್ನೂ ಅಂಗೈಯಿಂದ ಒತ್ತುತ್ತಾ ಹುಡುಕಿದೆ. 90 ಹರ್ಟ್ಸ್ ಹತ್ತಿರ ಸಿಕ್ಕಿಬಿತ್ತು. ಕೇಬಲ್ ಮುಚ್ಚಲು ಹಾಕಿದ್ದ 6 ಮಿ.ಮೀ. ತೆಳು ಹಲಗೆ, ಎರಡು ಸ್ಕ್ರೂ ನಡುವೆ ಚೌಕಟ್ಟಿಗೆ ಪಟಪಟ ಬಡಿಯುತ್ತಿತ್ತು. ಫೆಲ್ಟ್ ಪಟ್ಟಿ ಅಂಟಿಸಿ ಇನ್ನೆರಡು ಸ್ಕ್ರೂ ಹಾಕಿದೆ, ನಿಂತಿತು. ಅಲ್ಲಿ ಡ್ರಾಯರ್ ಚಾನೆಲ್ (ಡ್ರಾಯರ್ ಜಾರುವ ಲೋಹದ ಪಟ್ಟಿ) ಇದ್ದಿದ್ದರೆ ಇನ್ನೆಷ್ಟು ಕಡೆ ಹುಡುಕಬೇಕಿತ್ತೋ.

ಒಂದು ತಪ್ಪು ಮಾತ್ರ ಹಾಗೇ ಉಳಿದಿದೆ. ಪಾಲಿಶ್ ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಡಬ್ಬಿಯ ಮೇಲೆ ಬರೆದಿತ್ತು, ಓದಿಯೂ ಇದ್ದೆ. ಆದರೆ ಮೂರು ತಿಂಗಳು ಕಾದವನಿಗೆ ಕೊನೆಯ ಕೋಟ್ ಆದ ನಾಲ್ಕನೇ ದಿನಕ್ಕೇ ಕೈ ತಡೆಯಲಿಲ್ಲ. ಆಡಿಯೋ ಇಂಟರ್ಫೇಸ್ ತಂದು ಮೇಜಿನ ಮೇಲೆ ಇಟ್ಟೆ. ವಾರ ಬಿಟ್ಟು ಎತ್ತಿದರೆ ಅದರ ರಬ್ಬರ್ ಕಾಲುಗಳು ಕಚ್ಚಿಕೊಂಡು, ನಾಲ್ಕು ದುಂಡು ಗುರುತು. ಉಜ್ಜಿದೆ, ಒರೆಸಿದೆ, ಹೋಗಲಿಲ್ಲ. ಈಗ ಇಂಟರ್ಫೇಸನ್ನು ಅದೇ ನಾಲ್ಕು ಗುರುತಿನ ಮೇಲೆ ಕೂದಲೆಳೆಯೂ ಆಚೀಚೆ ಆಗದಂತೆ ಕೂರಿಸಿದ್ದೇನೆ. ನೋಡಲು ಬರುವವರು ದಯವಿಟ್ಟು ಅದನ್ನು ಎತ್ತಬೇಡಿ.