ಮನುಷ್ಯ ಎಷ್ಟು ಚದರ ಮೀಟರು?

ಶಿರಸಿ ಕಡೆ ಚದರ ಲೆಕ್ಕಕ್ಕೆ ಹೆದರುವವರಿಲ್ಲ. ಚಾಲಿ ಅಡಿಕೆ ಹರವುವ ಅಂಗಳ, ಹಂಚು ಹೊದೆಸುವ ಮಾಡು, ಪೇಟೆಯ ಸೈಟು, ಎಲ್ಲ ಬಾಯಲ್ಲೇ ಮುಗಿಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಕಿಮೋ ಚೀಟಿಯಲ್ಲಿ ಹೆಸರಿನ ಮುಂದೆ ‘1.61 ಚದರ ಮೀಟರ್’ ಎಂದು ಕಂಡಾಗ ಮಾತ್ರ ಎಂಥವರೂ ತಬ್ಬಿಬ್ಬು. ಅದು ಮೈಯ ಹೊರಮೈ, ಔಷಧ ಎಷ್ಟೆಂದು ಲೆಕ್ಕ ಹಾಕುವುದು ಅದರ ಮೇಲೆ. ಆರಡಿ-ಮೂರಡಿ ಹಾಸಿಗೆಯೇ 1.67 ಆಗುತ್ತದೆ, ಸುಲಿದು ಹಾಸಿದರೂ ಈ 1.61ರ ಮನುಷ್ಯ ಹಾಸಿಗೆ ಮೀರುವುದಿಲ್ಲ.

ಸುಲಿಯದೆ ಅಳೆದವರು ಡುಬಾಯ್ ಎಂಬ ಹೆಸರಿನ ಇಬ್ಬರು. 1916ರ ಅವರ ಸೂತ್ರಕ್ಕೆ ಆಧಾರ ಕೇವಲ 9 ಜನ: ಮೈಗೆ ಕಾಗದ ಅಂಟಿಸಿ, ಅಚ್ಚು ತೆಗೆದು, ಕತ್ತರಿಸಿ ಚಪ್ಪಟೆ ಮಾಡಿ ಅಳೆದದ್ದು. ಅದರ ಘಾತಾಂಕಗಳು ಬಾಯಿಪಾಠವಾಗುವಂಥವಲ್ಲ. 1987ರಲ್ಲಿ ಮೋಸ್ಟೆಲರ್ ಎಂಬವರು ಸುಲಭ ಮಾಡಿದರು: ಸೆಂಟಿಮೀಟರಿನ ಎತ್ತರವನ್ನು ಕಿಲೋ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅಜ್ಜಿಯೊಬ್ಬಳು 160 ಸೆಂ.ಮೀ., 58 ಕಿಲೋ ಆದರೆ 1.61. ಚದರ ಮೀಟರಿಗೆ 75 ಮಿಲಿಗ್ರಾಂ ಔಷಧವಾದರೆ ಸುಮಾರು 120.

ಇನ್ನು ಅವಾಂತರ. ಮಳೆಗಾಲದಲ್ಲಿ ಒದ್ದೆ ಶಾಲು, ಚೀಲ, ಚಪ್ಪಲಿ ಸಮೇತ ತಕ್ಕಡಿ ಹತ್ತಿದವರು ಎರಡು ಕಿಲೋ ಹೆಚ್ಚು ತೂಗುತ್ತಾರೆ. ಮಲ್ಲಿಗೆ ದಂಡೆ ಮುಡಿದ ತುರುಬು ಐದು ಸೆಂ.ಮೀ. ಎತ್ತರ ಕೊಡುತ್ತದೆ. ಎತ್ತರ ಕೇಳಿದರೆ “ಐದು ನಾಲ್ಕು ಬರ್ಕಳಿ, ಅಡ್ಡಿಲ್ಲೆ” ಎಂಬ ಉತ್ತರ, ಅದು 5.4 ಅಡಿಯಾಗಿ ದಾಖಲಾದರೆ ಇನ್ನೆರಡು ಸೆಂ.ಮೀ. ಲಾಭ. ಚಪ್ಪಲಿ ಬಿಡಿಸಲು ಎಲ್ಲರೂ ಗದರುತ್ತಾರೆ. ಆದರೆ ಶಾಲು-ತುರುಬು ಎರಡೂ ಕೂಡಿದರೂ ಉತ್ತರ 1.66ಕ್ಕೆ ಏರುತ್ತದೆ, ಅಷ್ಟೇ: ನೂರಕ್ಕೆ ಮೂರು. ವರ್ಗಮೂಲ ದೊಡ್ಡ ಮನಸ್ಸಿನದು, ಸಣ್ಣ ತಪ್ಪನ್ನು ಅರ್ಧಕ್ಕೆ ಇಳಿಸುತ್ತದೆ. ಎತ್ತರ-ತೂಕ ಅದಲುಬದಲಾಗಿ ಬಿದ್ದರೂ ಮೋಸ್ಟೆಲರ್ ಸೂತ್ರಕ್ಕೆ ಬೇಸರವಿಲ್ಲ; ಗುಣಾಕಾರ ತಾನೆ! ಡುಬಾಯ್ ಸೂತ್ರದಲ್ಲಿ ಅದೇ ತಪ್ಪಿಗೆ 1.60 ಇದ್ದದ್ದು 1.18ಕ್ಕೆ ಕುಸಿಯುತ್ತದೆ.

ಸೆಂಟಿಮೀಟರಿನ ಜಾಗದಲ್ಲಿ ಇಂಚು ಬಿದ್ದರೆ, 63 ಎಂದು, ಅಜ್ಜಿ 1.01ರ ಮೂರನೇ ಕ್ಲಾಸಿನ ಹುಡುಗಿಯಾಗುತ್ತಾಳೆ. ಔಷಧ ಸಾಕಾಗುವುದಿಲ್ಲ.

ಅಸಲಿ ಕಳ್ಳ ಕ್ಯಾಲ್ಕುಲೇಟರಿನ ವರ್ಗಮೂಲದ ಗುಂಡಿ. ಅಂಗಡಿಯ ಸಾದಾ ಯಂತ್ರದಲ್ಲಿ 3600 ಒತ್ತಿ, ‘=’ ಮರೆತು, ಮೂಲ ಒತ್ತಿದಿರೋ, ಅದು 3600ಕ್ಕೆ ಮಾತ್ರ ಮೂಲ ತೆಗೆದು 60 ಮಾಡಿಕೊಳ್ಳುತ್ತದೆ. ಉತ್ತರ 154.67, ಮೂವತ್ತು-ನಲವತ್ತರ ಸೈಟಿಗಿಂತ ದೊಡ್ಡ ಅಜ್ಜಿ. ಇದರಿಂದ ಅಪಾಯ ಕಡಿಮೆ, ಕಂಡವರೆಲ್ಲ ನಗುತ್ತಾರೆ. ಮೂಲವನ್ನೇ ಮರೆತರೆ ಬರುವುದು 2.58. ಇದು ನಗು ತರಿಸುವುದಿಲ್ಲ, ದಪ್ಪ ಆಳಿರಬೇಕು ಅನ್ನಿಸುತ್ತದೆ. ಔಷಧ 193 ಮಿಲಿಗ್ರಾಂ, ನೂರಕ್ಕೆ ಅರವತ್ತು ಹೆಚ್ಚು. ದೊಡ್ಡವರ ಲೆಕ್ಕ ಸಾಮಾನ್ಯವಾಗಿ 1.4 ಮತ್ತು 2.2ರ ನಡುವೆ ಸುಳಿಯುತ್ತದೆ. ಅದರಾಚೆ ಕಂಡರೆ ಮೊದಲು ಯಂತ್ರವನ್ನು ಅನುಮಾನಿಸಬೇಕು, ರೋಗಿಯನ್ನು ಆಮೇಲೆ.

ಇದಕ್ಕಾಗಿಯೇ ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕುವ ಪದ್ಧತಿ. ಎರಡನೆಯವರು ಮೊದಲನೆಯವರ ಚೀಟಿ ನೋಡಿ, “ಹ್ಞಾಂ, ಸರಿ ಇದ್ದು” ಎಂದು ಸಹಿ ಹಾಕಿ ಚಾ ಕುಡಿಯಲು ಹೋಗದಿದ್ದರೆ.